ಕನ್ನಡ ವಿಕಿಸೋರ್ಸ್ ಮತ್ತು ಕಾಮನ್ಸ್: ದುರ್ಗದ ಡಿಟಿಪಿ ಅಂಗಡಿಯಿಂದ ಒಂದು ವರ್ಷದ ಅನುಭವ

ಚಿತ್ರದುರ್ಗದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್, ಶಾಲೆ ಮಕ್ಕಳ ಪ್ರಾಜೆಕ್ಟು, ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆ ಕಾರ್ಡು. ದಿನಕ್ಕೆ ಹತ್ತು ಗಂಟೆ ಕನ್ನಡ ಅಕ್ಷರದ ಜೊತೆಗೇ ಇರುತ್ತೇನೆ. ಹೋದ ವರ್ಷದಿಂದ ಬಿಡುವಾದಾಗಲೆಲ್ಲ, ಯಾರು ಬೇಕಾದರೂ ಸೇರಿ ಕಟ್ಟುವ ಬಿಟ್ಟಿ ಆನ್‌ಲೈನ್ ಗ್ರಂಥಾಲಯ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ಭಾನುವಾರ ಸಿಕ್ಕರೆ ಸುತ್ತಮುತ್ತಲಿನ ಕಲ್ಲು, ಗುಡಿ, ಹೊಂಡಗಳ ಫೋಟೋ ತೆಗೆದು, ಅಂಥದ್ದೇ ಬಿಟ್ಟಿ ಚಿತ್ರಭಂಡಾರ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುತ್ತೇನೆ. ಅಂಗಡಿಗೆ ಬಂದವರು "ಏನ್ ಸರ್ ಇದು, ದುಡ್ಡು ಬರುತ್ತಾ?" ಅಂತ ಕೇಳುತ್ತಾರೆ. ಬರಲ್ಲ. ಆದರೂ ಯಾಕೆ ಮಾಡುತ್ತೇನೆ, ಯಾರಿಗೆ ಇದು ಸರಿಹೋಗುತ್ತದೆ, ಎಲ್ಲಿ ಕಷ್ಟ ಆಗುತ್ತದೆ ಅಂತ ಒಮ್ಮೆ ಕೂತು ಬರೆಯೋಣ ಅನ್ನಿಸಿತು. ರೇಟಿಂಗ್ ಕೊಡು ಅಂದರೆ ವಿಕಿಸೋರ್ಸ್‌ಗೆ ಐದಕ್ಕೆ ನಾಲ್ಕೂವರೆ, ಕಾಮನ್ಸ್‌ಗೆ ನಾಲ್ಕು ಕೊಡುತ್ತೇನೆ.

ಮೊದಲು ಒಂದು ವಿಷಯ ಹೇಳಬೇಕು. ಹಳೇ ಫೋಟೋ, ಹಳೇ ಪುಸ್ತಕ, ಶಾಸನ ಇವನ್ನೆಲ್ಲ ಇಂಟರ್ನೆಟ್‌ನಲ್ಲಿ ಇಟ್ಟಿರುವ ಜಾಗಗಳು ಬೇಕಾದಷ್ಟಿವೆ. ಆದರೆ ಅದರಲ್ಲಿ ಎರಡು ಥರ. ಒಂದು, ಬಂದು ನೋಡಿ ಹೋಗು ಅನ್ನುವಂಥದ್ದು. ಇನ್ನೊಂದು, ಬಾ, ನಿನಗೆ ಗೊತ್ತಿರೋದನ್ನೂ ಇಲ್ಲಿ ಸೇರಿಸು ಅನ್ನುವಂಥದ್ದು. ಈ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೆ ಗೊತ್ತಾಗಿದ್ದು ಒಂದು ಹೊಂಡದಿಂದ.

ಒಂದು ದೊಡ್ಡ ಸಂಗ್ರಹದ ಜಾಲತಾಣ. ಯಾವುದು ಅಂತ ಹೆಸರು ಬೇಡ. ಅದರಲ್ಲಿ ನಮ್ಮ ಕೋಟೆಯ ಫೋಟೋ ಒಂದಿತ್ತು. ಚಿತ್ರ ಅಕ್ಕ-ತಂಗಿ ಹೊಂಡದ್ದು, ಕೆಳಗೆ ಬರೆದಿದ್ದು ಗೋಪಾಲಸ್ವಾಮಿ ಹೊಂಡ ಅಂತ. ಹೊರಗಿನವರಿಗೆ ಇದು ಸಣ್ಣ ತಪ್ಪು. ಆದರೆ ಕೋಟೆ ಹತ್ತಿ ಬೆಳೆದವರಿಗೆ ಹಾಗಲ್ಲ. ಮಳೆಗಾಲದಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಕೆಳಗೆ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಕ್ಕೆ. ಕೆಳಗಿನದನ್ನು ಮೇಲಿನದು ಅಂದುಬಿಟ್ಟರೆ ಪಾಳೇಗಾರರ ಕಾಲದವರು ಅಷ್ಟು ಬುದ್ಧಿ ಓಡಿಸಿ ಮಾಡಿದ ನೀರಿನ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ, ಅಲ್ವಾ? ಆ ಜಾಲತಾಣದಲ್ಲಿ ಸಲಹೆ ಬರೆಯಲು ಒಂದು ಪೆಟ್ಟಿಗೆ ಇತ್ತು. ಮೂರು ಸಲ ಬರೆದೆ. ಎರಡು ಹೊಂಡದ ಬೇರೆ ಬೇರೆ ಫೋಟೋ ಕೂಡ ಕಳಿಸಿದೆ. ಉತ್ತರ ಬರಲಿಲ್ಲ, ತಪ್ಪೂ ಹೋಗಲಿಲ್ಲ. ಇವತ್ತಿಗೂ ಯಾವುದೋ ಊರಿನ ಹುಡುಗ ತನ್ನ ಪ್ರಾಜೆಕ್ಟಿಗೆ ಅದೇ ಚಿತ್ರ, ಅದೇ ತಪ್ಪು ಹೆಸರು ಹಾಕಿ ಪ್ರಿಂಟ್ ತೆಗೆಸುತ್ತಿರಬಹುದು. ನನ್ನ ಅಂಗಡಿಗೇ ಒಬ್ಬ ಬಂದಿದ್ದ.

ಆ ಬೇಜಾರಿನಲ್ಲೇ ನಾನು ಕಾಮನ್ಸ್ ಕಡೆ ಬಂದಿದ್ದು. ಅಲ್ಲಿ ಚಿತ್ರದ ಕೆಳಗಿನ ವಿವರಣೆಯನ್ನು ಯಾರು ಬೇಕಾದರೂ ತಿದ್ದಬಹುದು. ಯಾರು, ಯಾವತ್ತು, ಏನು ತಿದ್ದಿದರು ಅನ್ನುವ ಪೂರ್ತಿ ಇತಿಹಾಸ ಉಳಿಯುತ್ತದೆ. ನಾನು ತಪ್ಪು ಮಾಡಿದರೆ ಇನ್ನೊಬ್ಬರು ಸರಿ ಮಾಡುತ್ತಾರೆ. ಸುಮ್ನೆ ಹಾಳು ಮಾಡಿದರೆ ಹಿಂದಿನದಕ್ಕೆ ವಾಪಸ್ ಹಾಕುತ್ತಾರೆ. ನಮ್ಮ ಹೊಂಡದ ಹೆಸರು ಬರೆಯಲು ಯಾರದ್ದೋ ಮೇಜಿನ ಮೇಲೆ ಅರ್ಜಿ ಇಟ್ಟು ಕಾಯಬೇಕಾಗಿಲ್ಲ.

ಅಲ್ಲಿಂದ ವಿಕಿಸೋರ್ಸ್ ಸಿಕ್ಕಿತು. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಇಲ್ಲಿ ಕೆಲಸ ಹೀಗಿರುತ್ತದೆ. ಪರದೆಯ ಒಂದು ಕಡೆ ಹಳೇ ಪುಸ್ತಕದ ಪುಟ, ಸ್ಕ್ಯಾನ್ ಮಾಡಿದ್ದು. ಇನ್ನೊಂದು ಕಡೆ ಅದರ ಪಠ್ಯ. ಯಂತ್ರವೇ ಚಿತ್ರ ನೋಡಿ ಅಕ್ಷರ ಓದಿ ಹಾಕಿರುತ್ತದೆ, ಆದರೆ ತಪ್ಪುಗಳ ಸಮೇತ. ನಾವು ಸಾಲು ಸಾಲಾಗಿ ಹೋಲಿಸಿ ತಿದ್ದಬೇಕು. ಯಾರೂ ನೋಡದ ಪುಟಕ್ಕೆ ಕೆಂಪು ಬಣ್ಣ. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಸರಿ ಅಂದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ, ಎರಡನೇ ಕಣ್ಣು ಬೇಕೇ ಬೇಕು. ಪ್ರೆಸ್ಸಿನ ಕೆಲಸ ಗೊತ್ತಿದ್ದವರಿಗೆ ಈ ನಿಯಮದ ಬೆಲೆ ತಕ್ಷಣ ಅರ್ಥ ಆಗುತ್ತದೆ. ತಾನೇ ಟೈಪ್ ಮಾಡಿದ್ದರಲ್ಲಿ ತನ್ನ ತಪ್ಪು ತನಗೆ ಕಾಣುವುದಿಲ್ಲ. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರನ್ನು ನಾನು ನಾಲ್ಕು ಸಲ ಓದಿರುತ್ತೇನೆ, ಆದರೂ ಮನೆಯವರಿಂದ ಒಮ್ಮೆ ಓದಿಸದೆ ಪ್ರಿಂಟಿಗೆ ಬಿಡುವುದಿಲ್ಲ.

ತಪ್ಪುಗಳು ಎಂಥವು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹಳೇ ಅಚ್ಚಿನಲ್ಲಿ ಒತ್ತಕ್ಷರ ಸವೆದಿರುತ್ತದೆ. ಯಂತ್ರಕ್ಕೆ ಪ ಮತ್ತು ವ ಒಂದೇ ಥರ ಕಾಣುತ್ತವೆ. "ಧ" ಅಕ್ಷರದ ಕೆಳಗಿನ ಸೀಳು ಮಸಿಯಲ್ಲಿ ಮುಚ್ಚಿಹೋಗಿದ್ದರೆ "ದ" ಅಂತ ಓದುತ್ತದೆ. ಸೊನ್ನೆ ಇದೆಯಲ್ಲ, ಅಂ ಅನ್ನುವ ಸೊನ್ನೆ, ಅದನ್ನು ಅಂಕಿಯ ೦ ಅಂತ ತಿಳಿದುಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದಾಗ "ಸಂತೆ" ಸಿಗುವುದಿಲ್ಲ, ಯಾಕೆಂದರೆ ಅಲ್ಲಿರುವುದು "ಸ೦ತೆ". ಎಲ್ಲಕ್ಕಿಂತ ಮಜಾ ಅಂದರೆ ಅರ್ಕಾವೊತ್ತು. "ಧರ್ಮ" ಅನ್ನುವುದು "ಧಮ೯" ಆಗಿ ಬಂದಿರುತ್ತದೆ. ನೋಡಿ, ಅದು ಒಂಬತ್ತು. ನಾನು ಶುರುವಿನಲ್ಲಿ ಇಪ್ಪತ್ತು ಪುಟ ತಿದ್ದಿ ಇದನ್ನು ಗಮನಿಸದೇ ಬಿಟ್ಟಿದ್ದೆ. ಅಕ್ಕನ ಮಗಳು ಪಿಯುಸಿ ಓದುತ್ತಾಳೆ, ರಜೆಗೆ ಬಂದಿದ್ದಳು. ಅವಳು ಹಿಂದೆ ನಿಂತು ನೋಡಿ, "ಮಾವ, ಅದು ಅರ್ಕಾವೊತ್ತಲ್ಲ, ಒಂಬತ್ತು. ಕಾಪಿ ಮಾಡಿ ಬೇರೆ ಫಾಂಟಿಗೆ ಹಾಕಿ ನೋಡು" ಅಂದಳು. ಹಾಕಿ ನೋಡಿದೆ, ನಿಜ. ಇಪ್ಪತ್ತೂ ಪುಟ ಮತ್ತೆ ತೆಗೆದು ಕೂತೆ. ಅವಳೂ ಕೂತಳು. ಅವತ್ತಿನಿಂದ ನಮ್ಮಿಬ್ಬರದ್ದೂ ಖಾತೆ ಇದೆ. ನಾನು ಹಳದಿ ಮಾಡಿದ್ದನ್ನು ಅವಳು ನೋಡುತ್ತಾಳೆ, ಅವಳದ್ದನ್ನು ನಾನು. ಯಾವುದಕ್ಕೂ ಮುಲಾಜು ಇಲ್ಲ.

ನನ್ನಿಂದ ಆದ ಇನ್ನೊಂದು ತಪ್ಪೂ ಹೇಳುತ್ತೇನೆ, ಹೊಸಬರಿಗೆ ಉಪಯೋಗ ಆಗುತ್ತದೆ. ಹಳೇ ಪುಸ್ತಕಗಳಲ್ಲಿ "ವೊಬ್ಬ", "ಯೆಲ್ಲಾ", "ಯಿದು" ಅಂತೆಲ್ಲ ಅಚ್ಚಾಗಿರುತ್ತದೆ. ನನಗೆ ಕೈ ಸುಮ್ಮನಿರುವುದಿಲ್ಲ, ವರ್ಷಗಟ್ಟಲೆ ಅಂಗಡಿಯಲ್ಲಿ ಬಂದವರ ಕಾಗುಣಿತ ತಿದ್ದಿದ ಅಭ್ಯಾಸ. ಎಲ್ಲವನ್ನೂ ಒಬ್ಬ, ಎಲ್ಲಾ, ಇದು ಅಂತ ಮಾಡಿಬಿಟ್ಟೆ. ಎರಡು ದಿನ ಬಿಟ್ಟು ನನ್ನ ಚರ್ಚೆಪುಟದಲ್ಲಿ ಒಬ್ಬರು ಬರೆದಿದ್ದರು. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಬೇಕು, ನಾವು ಲೇಖಕರ ಭಾಷೆ ತಿದ್ದುವುದಿಲ್ಲ, ಯಂತ್ರದ ತಪ್ಪು ಮಾತ್ರ ತಿದ್ದುತ್ತೇವೆ ಅಂತ. ಬಹಳ ಮರ್ಯಾದೆಯಿಂದ ಬರೆದಿದ್ದರು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಅಜ್ಜ "ವೊಂದು" ಅಂತಲೇ ಬರೆಯುತ್ತಿದ್ದರು. ಅವರ ಕಾಲದಲ್ಲಿ ಹಾಗೆ ಬರೆಯುವ ಮಂದಿ ಇದ್ದರು ಅನ್ನುವುದಕ್ಕೆ ಆ ಪುಟವೇ ಸಾಕ್ಷಿ. ಅದನ್ನು ನಾನು ಅಳಿಸಿಹಾಕುತ್ತಿದ್ದೆ. ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿದೆ.

ಹೀಗೆ ಒಂದೊಂದೇ ಅಕ್ಷರ ನೋಡುತ್ತಾ ಓದುವುದಕ್ಕೂ ಮೊಬೈಲ್‌ನಲ್ಲಿ ಸರ್ರನೆ ಜಾರಿಸುತ್ತಾ ಓದುವುದಕ್ಕೂ ಹೋಲಿಕೆಯೇ ಇಲ್ಲ. ಒಂದು ಪುಟದಲ್ಲಿ ಹೊಲದ ಲೆಕ್ಕ ಬಂತು, ಇಷ್ಟು ಕಂಡುಗ, ಇಷ್ಟು ಕೊಳಗ ಅಂತ. ಅಕ್ಕನ ಮಗಳಿಗೆ ಗೊತ್ತಿಲ್ಲ, ನನಗೂ ಅರ್ಧಂಬರ್ಧ. ಸುಮ್ನೆ ಓದುವವರಾಗಿದ್ದರೆ ಮುಂದೆ ಹೋಗುತ್ತಿದ್ದೆವು. ಆದರೆ ಅಚ್ಚು ಮಸುಕಾಗಿತ್ತು, ಅದು "ಕೊಳಗ"ವೋ "ಕೊಳಲು" ಏನೋ ಅಂತ ತೀರ್ಮಾನ ಮಾಡಲೇಬೇಕಿತ್ತು. ಅವ್ವನನ್ನು ಕೇಳಿದೆವು. ಅವ್ವ ಅಡುಗೆಮನೆಯಿಂದಲೇ, "ಇಪ್ಪತ್ತು ಕೊಳಗ ಒಂದು ಕಂಡುಗ ಕಣ್ರೋ. ಕಂಡುಗದ ಹೊಲ ಅಂದ್ರೆ ಒಂದು ಕಂಡುಗ ಬೀಜ ಹಿಡಿಯೋ ಹೊಲ" ಅಂದರು. ಆಮೇಲೆ ಕೈ ಒರೆಸಿಕೊಂಡು ಬಂದು, ತವರುಮನೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೇ ಕೊಳಗಕ್ಕೆ ಒಂದು ಅನ್ನದೆ "ಲಾಭ" ಅಂತ ಎಣಿಸುತ್ತಿದ್ದಿದ್ದು, ಅಳೆಯುವಾಗ ಯಾರೂ ಮಾತಾಡಬಾರದು ಅಂತ ಹೇಳುತ್ತಿದ್ದಿದ್ದು ಎಲ್ಲ ಹೇಳಿದರು. ಒಂದು ಪದದಿಂದ ಅರ್ಧ ಗಂಟೆ. ಅಕ್ಕನ ಮಗಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಖಾತೆ ಇಲ್ಲದೆಯೂ ತಿದ್ದಬಹುದು, ಆದರೆ ಪುಟದ ಬಣ್ಣ ಬದಲಿಸಲು ಖಾತೆ ಬೇಕು. ಇಮೇಲ್ ಕೊಡಲೇಬೇಕು ಅಂತಿಲ್ಲ. ಜಾಹೀರಾತು ಇಲ್ಲ, ಬಳಸಲು ಹಣ ಕೊಡಬೇಕಾಗಿಲ್ಲ. ಕನ್ನಡ ಟೈಪಿಂಗ್ ಒಳಗೇ ಇದೆ. ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಾಗಿಲ್ಲ. ನನ್ನಂಥ ನುಡಿ ಕೀಲಿಮಣೆಯ ಕೈಗೂ ಅದರಲ್ಲಿ ಆಯ್ಕೆ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರಿಸುವವರಿಗೂ ಇದೆ. ಇನ್ನು, ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ. ಅದರ ಲೇಖನಗಳೂ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. 14 ಸಂಪುಟದ ಪುಸ್ತಕ ಅದು, ನಮ್ಮಲ್ಲಿ ಎಷ್ಟು ಮನೆಯಲ್ಲಿ ಇರುತ್ತದೆ ಹೇಳಿ. ಪ್ರಾಜೆಕ್ಟಿಗೆ ಬರುವ ಮಕ್ಕಳಿಗೆ ನಾನೀಗ ಮೊದಲು ಅಲ್ಲಿಗೇ ಕಳಿಸುವುದು.

ಈಗ ಕಾಮನ್ಸ್. ಹತ್ತು ಕೋಟಿಗೂ ಹೆಚ್ಚು ಚಿತ್ರ, ಧ್ವನಿ, ವಿಡಿಯೊ ಇರುವ ಜಾಗ. ಅಷ್ಟಿದ್ದ ಮೇಲೆ ನಮ್ಮದೇನು ಬೇಕು ಅನ್ನಿಸಬಹುದು. ಕೋಟೆಯ ಬಾಗಿಲು, ಒನಕೆ ಓಬವ್ವನ ಕಿಂಡಿ, ಇವುಗಳ ಫೋಟೋ ಬೇಕಾದಷ್ಟಿವೆ, ನಿಜ. ಇಲ್ಲದಿರುವುದು ಊರಾಚೆಯ ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುವ ಕಲ್ಲು. ಪುಸ್ತಕದಲ್ಲಿ ವೀರಗಲ್ಲು, ನಮ್ಮ ಕಡೆ ಬಾಯಲ್ಲಿ ಈರಗಲ್ಲು.

ನಾನು ಹಾಕಿದ ಮೊದಲ ಒಳ್ಳೇ ಫೋಟೋ ಅಂಥ ಒಂದು ಈರಗಲ್ಲಿನದ್ದು. ಮೊದಲ ಸಲ ಮಧ್ಯಾಹ್ನ ಹನ್ನೆರಡು ಗಂಟೆಗೆ ಹೋಗಿದ್ದೆ. ನೆತ್ತಿ ಮೇಲೆ ಬಿಸಿಲು. ಫೋಟೋದಲ್ಲಿ ಕಲ್ಲು ಬೋಳಾಗಿ ಕಾಣುತ್ತಿತ್ತು. ಆಮೇಲೆ ಶಾಸನದ ಫೋಟೋ ಹೇಗೆ ತೆಗೆಯಬೇಕು ಅಂತ ಓದಿ ತಿಳಿದುಕೊಂಡೆ. ಬೆಳಕು ಪಕ್ಕದಿಂದ ಬೀಳಬೇಕು. ಹಾಗಾಗಿ ಬೆಳಗಿನ ಹೊತ್ತು ಅಥವಾ ಸಂಜೆ ಇಳಿಬಿಸಿಲು. ಇಲ್ಲಾ ಅಂದರೆ ಕತ್ತಲಾದ ಮೇಲೆ ಒಬ್ಬರು ಪಕ್ಕದಲ್ಲಿ ಟಾರ್ಚ್ ಹಿಡಿಯಬೇಕು. ಬೆಳಗ್ಗೆ ಆರೂವರೆಗೆ ಮತ್ತೆ ಹೋದೆ. ಅದೇ ಕಲ್ಲು, ಬೇರೆಯೇ ಆಗಿತ್ತು! ಕೆಳಗಿನ ಪಟ್ಟಿಯಲ್ಲಿ ಕತ್ತಿ ಎತ್ತಿದ ವೀರ, ಅವನ ಮುಂದೆ ಕೊಂಬು ಬಾಗಿಸಿದ ಎರಡು ದನ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. ಪಟ್ಟಿಗಳ ನಡುವೆ ಸವೆದ ಒಂದು ಸಾಲು ಅಕ್ಷರ. ದಯವಿಟ್ಟು ಒಂದು ಮಾತು, ಅಕ್ಷರ ಕಾಣಲಿ ಅಂತ ಸುಣ್ಣ, ರಂಗೋಲಿ ಪುಡಿ, ಎಣ್ಣೆ ಯಾವುದನ್ನೂ ಕಲ್ಲಿಗೆ ಹಚ್ಚಬೇಡಿ. ನೀರು ಕೂಡ ಬೇಡ, ಬೆಳಕು ಸಾಕು.

ಹೊಲದ ಯಜಮಾನರು ಬಂದರು. ಎಪ್ಪತ್ತು ದಾಟಿದವರು. "ಏನಪ್ಪಾ, ಕಲ್ಲಿಗೆ ಏನ್ ಫೋಟೋ ಹೊಡೀತೀಯ? ನಿಧಿ ಗಿಧಿ ಏನಾದ್ರೂ ಹುಡುಕ್ತಾ ಇದೀಯಾ?" ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಿಧಿ ಆಸೆಗೆ ಇಂಥ ಕಲ್ಲು ಅಗೆದು ಹಾಕಿದವರು ಎಲ್ಲಾ ಕಡೆ ಇದ್ದಾರೆ. ಫೋಟೋ ತೋರಿಸಿದೆ. ಬೆರಳಿಂದ ದೊಡ್ಡದು ಮಾಡಿ ದನ ತೋರಿಸಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಅಯ್ಯೋ, ಹುಟ್ಟಿದಾಗಿಂದ ನೋಡ್ತಾ ಇದೀನಿ, ಇದರಲ್ಲಿ ದನ ಇರೋದು ಕಂಡೇ ಇರ್ಲಿಲ್ಲ ಕಣಯ್ಯಾ" ಅಂದರು. ಆಮೇಲೆ ತಾವೇ ಹೇಳಿದರು, ಆ ಹೊಲಕ್ಕೆ ಹಿಂದಿನವರು ತುರುವಿನ ಹೊಲ ಅಂತ ಕರೆಯುತ್ತಿದ್ದರಂತೆ. ತುರು ಅಂದರೆ ದನ. ದನ ಕಾಯಲು ಹೋಗಿ ಸತ್ತವನ ಕಲ್ಲು ನಿಂತಿರುವ ಹೊಲಕ್ಕೆ ತುರುವಿನ ಹೊಲ ಅಂತ ಹೆಸರು. ನನಗೆ ಮೈ ಜುಮ್ ಅಂದಿತು. ಕಾಮನ್ಸ್‌ನಲ್ಲಿ ಫೋಟೋ ಹಾಕುವಾಗ ವಿವರಣೆಯಲ್ಲಿ ಇದನ್ನು ಕನ್ನಡದಲ್ಲೇ ಬರೆದೆ. ಊರವರು ಹೀಗೆ ಹೇಳುತ್ತಾರೆ ಅಂತ ಸ್ಪಷ್ಟವಾಗಿ ಬೇರೆ ಮಾಡಿ ಬರೆದೆ, ಯಾಕೆಂದರೆ ಕಲ್ಲಲ್ಲಿ ಇರುವುದು ಬೇರೆ, ಬಾಯಲ್ಲಿ ಇರುವುದು ಬೇರೆ. ಎರಡೂ ಉಳಿಯಬೇಕು. ಆದರೆ ಒಂದನ್ನು ಇನ್ನೊಂದು ಅಂತ ಹೇಳಬಾರದು.

ಪರವಾನಗಿ ವಿಷಯ ಸರಿಯಾಗಿ ಅರ್ಥ ಮಾಡಿಕೊಂಡೇ ಹಾಕಿ. ಕಾಮನ್ಸ್‌ಗೆ ಹಾಕಿದ ಫೋಟೋವನ್ನು ಯಾರು ಬೇಕಾದರೂ ಬಳಸಬಹುದು, ಕ್ಯಾಲೆಂಡರ್‌ನಲ್ಲಿ ಹಾಕಿ ಮಾರಲೂಬಹುದು. ಸಾಮಾನ್ಯವಾಗಿ ಆರಿಸುವ ಸಿಸಿ ಬೈ ಎಸ್‌ಎ ಪರವಾನಗಿಯಲ್ಲಿ ನಿಮ್ಮ ಹೆಸರು ಹಾಕಬೇಕು, ಅದನ್ನು ಬದಲಾಯಿಸಿ ಮಾಡಿದ ಕೆಲಸವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು, ಅಷ್ಟೇ. ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತಿನ ಚಿತ್ರ ಅಲ್ಲಿ ತಗೊಳ್ಳುವುದೇ ಇಲ್ಲ. ಇದು ಇಷ್ಟ ಆಗದವರು ಹಾಕಬೇಡಿ. ನಾನೊಮ್ಮೆ ಪರಿಚಯದವರ ಮನೆಯ ಆಲ್ಬಮ್‌ನಿಂದ ಕೋಟೆಯ ಹಳೇ ಕಪ್ಪುಬಿಳುಪು ಫೋಟೋ ಸ್ಕ್ಯಾನ್ ಮಾಡಿ ಹಾಕಿದ್ದೆ. ತೆಗೆದವರು ಯಾರು ಅಂತ ಗೊತ್ತಿಲ್ಲ, ಅನುಮತಿ ಇಲ್ಲ. ಒಬ್ಬರು ಕೇಳಿದರು, ಉತ್ತರ ಇರಲಿಲ್ಲ, ವಾರ ಕಳೆದ ಮೇಲೆ ಅಳಿಸಿದರು. ಸರಿಯಾಗಿಯೇ ಮಾಡಿದರು. ಇನ್ನೊಬ್ಬರ ಕಷ್ಟದ ಕೆಲಸ, ಅದು ನನ್ನದಲ್ಲ. ನಮ್ಮ ದೇಶದಲ್ಲಿ ಪುಸ್ತಕಕ್ಕಾದರೆ ಲೇಖಕರು ತೀರಿಕೊಂಡು 60 ವರ್ಷ ಕಳೆಯಬೇಕು ಅನ್ನುವುದೂ ಆಗಲೇ ನನಗೆ ಗೊತ್ತಾಗಿದ್ದು. ವಿಕಿಸೋರ್ಸ್‌ಗೆ ಪುಸ್ತಕ ತರುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಕಲಿಯುವ ವಿಷಯಕ್ಕೆ ಬಂದರೆ, ನನಗೆ ಜಾಸ್ತಿ ಕಲಿಸಿದ್ದು ಬ್ರಹ್ಮಗಿರಿ. ಮೊಳಕಾಲ್ಮುರು ತಾಲ್ಲೂಕು. ಅಶೋಕನ ಶಾಸನ ಇದೆ ಅಂತ ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆವು. ಶಾಸನ ತಜ್ಞ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರರ ಶಾಸನಗಳನ್ನು 1892ರಲ್ಲಿ ಜಗತ್ತಿಗೆ ತಿಳಿಸಿದವರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲೇ ಉತ್ಖನನ ಮಾಡಿದರು. ಇದಿಷ್ಟು ಪುಸ್ತಕದಲ್ಲಿ ಇದೆ. ನಾನು ಫೋಟೋ ತೆಗೆದುಕೊಂಡು ಬಂದು ವಿವರಣೆ ಬರೆಯಲು ಕೂತಾಗ "ಅಶೋಕನ ಶಾಸನ" ಅಂತ ಬರೆದು ನಿಲ್ಲಿಸಲು ಮನಸ್ಸಾಗಲಿಲ್ಲ. ಅದರಲ್ಲಿ ಏನಿದೆ ಅಂತ ಬರೆಯಬೇಕಲ್ಲ. ಹುಡುಕಿ ಓದಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕಳಿಸಿದ ಮಾತು. ತಂದೆತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು ಅಂತೆಲ್ಲ ಇದೆ. ಕೊನೆಗೆ, ಇದನ್ನು ಬರೆದವನ ಹೆಸರು ಚಪಡ ಅಂತ ಇದೆ! ಲಿಪಿಕಾರ ಅನ್ನುವ ಅರ್ಥದ ಕೊನೆಯ ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆದಿಲ್ಲ, ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ದೂರದ ವಾಯವ್ಯ ಗಡಿಯ ಕಡೆಯದ್ದು. ನಮ್ಮ ಮೊಳಕಾಲ್ಮುರಿನ ಬಂಡೆಯ ಮೇಲೆ ಒಬ್ಬ ಬರೆಯುವ ಕೆಲಸದವನು ಎರಡು ಲಿಪಿ ತನಗೆ ಗೊತ್ತು ಅಂತ ತೋರಿಸಿ, ಹೆಸರು ಹಾಕಿ ಹೋಗಿದ್ದಾನೆ. ನಾನೂ ಅಕ್ಷರದ ಕೂಲಿ ಮಾಡುವವನೇ. ಅವನ ಹೆಸರು ಓದಿದಾಗ ಯಾರೋ ನಮ್ಮವನೇ ಸಿಕ್ಕಿದ ಹಾಗಾಯಿತು. ನನ್ನ ಫೋಟೋ ದೊಡ್ಡದು ಮಾಡಿ ಮಾಡಿ ಆ ಅಕ್ಷರ ಹುಡುಕಿದೆ, ಸರಿಯಾಗಿ ಮೂಡಿಲ್ಲ. ಇನ್ನೊಮ್ಮೆ ಹೋಗಬೇಕು.

ನಮ್ಮ ಜಿಲ್ಲೆಯ ಶಾಸನ ಓದಬೇಕು ಅನ್ನುವವರಿಗೆ ಇದೇ ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯದ್ದು. ಶಾಸನದ ಪಾಠ ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ, ತಾಲ್ಲೂಕುವಾರು. ದಾವಣಗೆರೆಯಲ್ಲಿ ನನ್ನ ಗೆಳೆಯ ಒಬ್ಬನಿದ್ದಾನೆ, ಮಂಡಕ್ಕಿ ಭಟ್ಟಿ ಇದೆ. ಅವನಿಗೂ ಈ ಹುಚ್ಚು ಹತ್ತಿಸಿದ್ದೇನೆ. ಹರಿಹರದ ಹರಿಹರೇಶ್ವರ ದೇವಸ್ಥಾನದ ಶಾಸನ ಹುಡುಕಲು ಹೋಗಿ "ದಾವಣಗೆರೆ ಜಿಲ್ಲೆ ಸಂಪುಟ ಎಲ್ಲಿದೆಯೋ, ಸಿಗ್ತಾನೇ ಇಲ್ಲ" ಅಂತ ಫೋನ್ ಮಾಡಿದ. ಇರುವುದೇ ಇಲ್ಲ, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ರೈಸ್ ಅವರ ಕಾಲಕ್ಕೆ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಅದೇ ದೇವಸ್ಥಾನವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅದರ ಮಾಹಿತಿ ಹುಡುಕುವ ಹುಡುಗನಿಗೆ ಇವತ್ತಿನ ಜಿಲ್ಲೆಯ ಹೆಸರಲ್ಲಿ ಹಳೇ ಪುಸ್ತಕ ಸಿಗುವುದಿಲ್ಲ, ಹಳೇ ಹೆಸರಲ್ಲಿ ಇವತ್ತಿನ ಫೋಟೋ ಸಿಗುವುದಿಲ್ಲ. ಈಗ ನಾವಿಬ್ಬರೂ ಫೋಟೋ ವಿವರಣೆಯಲ್ಲಿ ಎರಡನ್ನೂ ಬರೆಯುತ್ತೇವೆ. ಹಿಂದೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು ಅಂತ ಒಂದು ಸಾಲು. ಇಂಥ ಸಾಲು ಬರೆಯಲು ಪಂಡಿತರಾಗಬೇಕಿಲ್ಲ, ಊರು ಗೊತ್ತಿದ್ದರೆ ಸಾಕು.

ಬೇರೆ ಕಡೆಯೂ ಇದೇ ಥರದ ಕೆಲಸ ನಡೆಯುತ್ತಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಟ್ರೋವ್‌ನಲ್ಲಿ ಹಳೇ ದಿನಪತ್ರಿಕೆಗಳನ್ನು ಜನರೇ ಸಾಲು ಸಾಲಾಗಿ ತಿದ್ದುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಸುಮಾರು 3000 ಹಳೇ ಫೋಟೋಗಳನ್ನು ಫೋಟೋ ಹಂಚುವ ತಾಣ ಫ್ಲಿಕರ್‌ನಲ್ಲಿ ಹಾಕಿ, ನಿಮಗೆ ಗೊತ್ತಿದ್ದರೆ ಹೇಳಿ ಅಂದಾಗ ಜನ ಊರು, ಬೀದಿ, ಮನುಷ್ಯರ ಹೆಸರು ಬರೆದುಕೊಟ್ಟರು. ನಮ್ಮಲ್ಲೂ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರವೂ ಅದರಲ್ಲಿ ಎದ್ದು ಕಾಣುತ್ತದೆ. ನಮ್ಮ ಜಿಲ್ಲೆಗಳಿಗೂ ಅಂಥದ್ದು ಬರಬೇಕು ಅಂತ ನನಗೆ ತುಂಬಾ ಆಸೆ. ವಚನ ಸಂಚಯ ಅಂತ ಇನ್ನೊಂದು ಜಾಲತಾಣ ಇದೆ. 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವುದೇ ಪದ ಹುಡುಕಬಹುದು. ಮಠದ ಕಾರ್ಯಕ್ರಮದ ಕರಪತ್ರಕ್ಕೆ ವಚನ ಹಾಕುವಾಗ ಈಗ ನಾನು ಅಲ್ಲಿ ನೋಡದೆ ಅಚ್ಚಿಗೆ ಬಿಡುವುದಿಲ್ಲ.

ಕಷ್ಟಗಳೂ ಇವೆ. ಮೊಬೈಲ್‌ನಲ್ಲಿ ಫೋಟೋ ಹಾಕಬಹುದು, ಆದರೆ ಕರಡು ತಿದ್ದಲು ಕಂಪ್ಯೂಟರೇ ಬೇಕು. ಪುಟ ಒಂದು ಕಡೆ, ಪಠ್ಯ ಒಂದು ಕಡೆ, ಸಣ್ಣ ಪರದೆಯಲ್ಲಿ ಅದು ಆಗುವ ಮಾತಲ್ಲ. ನಮ್ಮ ಕಡೆ ಹಳ್ಳಿ ಮಕ್ಕಳ ಕೈಯಲ್ಲಿ ಇರುವುದು ಮೊಬೈಲ್ ಒಂದೇ. ಕಾಮನ್ಸ್‌ನ ವರ್ಗಗಳ ಹೆಸರು ಬಹುಪಾಲು ಇಂಗ್ಲಿಷ್‌ನಲ್ಲಿವೆ. ವಿವರಣೆ ಕನ್ನಡದಲ್ಲಿ ಬರೆಯಬಹುದು, ಆದರೆ ಫೋಟೋ ಸರಿಯಾದ ಗೂಡಿಗೆ ಸೇರಿಸಲು ಇಂಗ್ಲಿಷ್ ಬೇಕಾಗುತ್ತದೆ. ಅದಕ್ಕೇ ಅರ್ಧ ಅಂಕ ಕಡಿಮೆ ಕೊಟ್ಟಿದ್ದು. ಕನ್ನಡ ವಿಕಿಸೋರ್ಸ್‌ನಲ್ಲಿ ಕೆಲಸ ಮಾಡುವ ಕೈಗಳು ಕಡಿಮೆ. ಹಳದಿ ಆದ ಪುಟ ಎರಡನೆಯವರಿಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ದಿನಕ್ಕೆ ಒಬ್ಬರು ಒಂದು ಪುಟ ನೋಡಿದರೂ ದೊಡ್ಡ ಉಪಕಾರ. ಒಂದು ಪುಟಕ್ಕೆ ನನಗೆ ಹದಿನೈದು ನಿಮಿಷ ಸಾಕು. ಅಚ್ಚು ಕೆಟ್ಟಿದ್ದರೆ ಅರ್ಧ ಗಂಟೆ.

ಮೇಷ್ಟ್ರು, ಮೇಡಂ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮಕ್ಕಳಿಗೆ ಕೋಟೆಯ ಬಗ್ಗೆ ಹತ್ತು ಪುಟ ಇಳಿಸಿಕೊಂಡು ಬನ್ನಿ ಅಂತ ಹೇಳುವ ಬದಲು, ನಿಮ್ಮೂರಿನ ಒಂದು ಕಲ್ಲಿನ ಫೋಟೋ ತೆಗೆದು, ಅದರ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಐದು ಸಾಲು ಬರೆದುಕೊಂಡು ಬನ್ನಿ ಅಂತ ಹೇಳಿ ನೋಡಿ. ಪ್ರಾಜೆಕ್ಟ್ ಪ್ರಿಂಟಿನಿಂದ ನನಗೆ ನಾಲ್ಕು ಕಾಸು ಕಡಿಮೆ ಬಂದರೂ ಪರವಾಗಿಲ್ಲ.

ಆ ಈರಗಲ್ಲಿನ ಸವೆದ ಸಾಲು ಇನ್ನೂ ಓದಲು ಆಗಿಲ್ಲ. ಹೋದ ವಾರ ಯಾರೋ ನಾನು ಕಾಣದವರು ಆ ಫೋಟೋದ ಚರ್ಚೆಪುಟದಲ್ಲಿ, ಎಡಗಡೆಯ ಮೊದಲ ಮೂರು ಅಕ್ಷರ "ಸ್ವಸ್ತಿ ಶ್ರೀ" ಇರಬಹುದು, ಎಡದಿಂದ ಬೆಳಕು ಬೀಳುವ ಇನ್ನೊಂದು ಫೋಟೋ ಸಿಗುತ್ತದಾ ಅಂತ ಕೇಳಿದ್ದಾರೆ. ಕಲ್ಲು ಉತ್ತರಕ್ಕೆ ಮುಖ ಮಾಡಿ ನಿಂತಿದೆ. ಎದುರಿಗೆ ನಿಂತರೆ ಎಡಗಡೆ ಪೂರ್ವ ಬರುತ್ತದೆ. ಹಾಗಾಗಿ ಮತ್ತೆ ಬೆಳಗ್ಗೆಯೇ ಹೋಗಬೇಕು, ಈ ಸಲ ಇನ್ನೂ ಬೇಗ, ಬಿಸಿಲು ಅಡ್ಡಡ್ಡ ಬೀಳುವ ಹೊತ್ತಿಗೇ. ಅಕ್ಕನ ಮಗಳು ತಾನೂ ಬರುತ್ತೇನೆ ಅಂದಿದ್ದಾಳೆ. ಹೊಲದ ಅಜ್ಜನಿಗೆ ತೋರಿಸಲು ಹಳೇ ಫೋಟೋದ ದೊಡ್ಡ ಪ್ರಿಂಟ್ ಒಂದು ತೆಗೆದು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ.